ಸಹಾಯ ಬೇಕು: ರೋಮನ್ ಮತಹಲಗೆ ಮಾಡುವವರು ಯಾರಾದರೂ ಇದ್ದಾರಾ?

ಕಾನೂನು ವಿದ್ಯಾರ್ಥಿಗಳ ಅಣಕು ವಿಚಾರಣೆಗೆ 50 ಮತಹಲಗೆ, ಅಂದರೆ ತೀರ್ಪುಗಾರರು ಮತ ಹಾಕುವ ಪುಟ್ಟ ಹಲಗೆಗಳು, ಬೇಕಾಗಿವೆ. ಆಧಾರ ಕ್ರಿ.ಪೂ. 123ರ ಸುಮಾರಿನ ರೋಮನ್ ಸುಲಿಗೆ ಕಾಯ್ದೆ. ಪ್ರಾಂತಗಳಲ್ಲಿ ಜನರನ್ನು ದೋಚಿದ ಅಧಿಕಾರಿಗೆ ಇದರಲ್ಲಿ ಜೈಲಿಲ್ಲ, ಕಿತ್ತುಕೊಂಡದ್ದರ ಎರಡರಷ್ಟು ಕಕ್ಕಬೇಕು. ವರ್ಷದ 450 ತೀರ್ಪುಗಾರರ ಪಟ್ಟಿಯಿಂದ ದೂರುದಾರ 100 ಮಂದಿಯನ್ನು ಆರಿಸುತ್ತಾನೆ, ಆ ನೂರರಲ್ಲಿ 50 ಜನರನ್ನು ಆರೋಪಿ ಆರಿಸುತ್ತಾನೆ. ಸೆನೆಟರುಗಳಿಗೆ (ಆರೋಪಿ ಅಧಿಕಾರಿಗಳ ವರ್ಗದವರೇ ಆದ ರೋಮಿನ ಹಿರಿಯರ ಸಭೆಯ ಸದಸ್ಯರಿಗೆ) ಪಟ್ಟಿಯಲ್ಲಿ ಜಾಗವಿಲ್ಲ, ತಮ್ಮವರನ್ನು ತಾವೇ ಬಿಟ್ಟುಬಿಡುತ್ತಿದ್ದರಲ್ಲ!

ಕಾಯ್ದೆಯಲ್ಲೇ ಅಳತೆ ಇದೆ: ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಹಲಗೆ, ಉದ್ದ ನಾಲ್ಕು ಬೆರಳು (ಸುಮಾರು 7.4 ಸೆಂ.ಮೀ.), ಎರಡೂ ಕಡೆ ಮೇಣ. ಒಂದು ಕಡೆ 'ಎ' ಅಂದರೆ ಬಿಡುಗಡೆ, ಇನ್ನೊಂದು ಕಡೆ 'ಸಿ' ಅಂದರೆ ಶಿಕ್ಷೆ. ತೀರ್ಪುಗಾರ ಒಂದನ್ನು ಅಳಿಸಿ, ತೋಳು ಬರಿದಾಗಿಟ್ಟು, ಉಳಿದ ಅಕ್ಷರವನ್ನು ಬೆರಳಿಂದ ಮುಚ್ಚಿ ಗಡಿಗೆಗೆ ಹಾಕಬೇಕು. ಎರಡನ್ನೂ ಅಳಿಸಿದರೆ ಮತ ಇಲ್ಲ.

ತೊಡಕು ಮೇಣದ್ದು. ಹಲಗೆಯ ಮೇಲೆ ಸುಮ್ಮನೆ ಬಳಿದರೆ ಚಕ್ಕೆಯೇಳುತ್ತದೆ, ಹಾಗಾಗಿ ಅಂಚು ಬಿಟ್ಟು ಎರಡು ಮಿ.ಮೀ. ತಗ್ಗು ಕೊರೆಯಬೇಕು. ಬರೀ ಜೇನುಮೇಣ ಬಿಸಿಲಿಗೆ ಮೆತ್ತಗಾಗಿ ಹಲಗೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಾಳ ಬೆರೆಸಿದರೆ ಗಟ್ಟಿ, ಆದರೆ ಹೆಚ್ಚಾದರೆ ಹೆಬ್ಬೆರಳಿಗೆ ಅಳಿಯದೆ ಪುಡಿಯಾಗಿ ಉದುರುತ್ತದೆ. ಅಕ್ಷರ ಎದ್ದು ಕಾಣಲು ದೀಪದ ಮಸಿ ಸೇರಿಸುವ ಯೋಚನೆಯಿದೆ.

ಕೇಳುವುದು ಇಷ್ಟು: ಕಾಲು ಕೆ.ಜಿ. ಜೇನುಮೇಣಕ್ಕೆ ರಾಳ, ಮಸಿ ಎಷ್ಟೆಷ್ಟು? ಬಾಕ್ಸ್‌ವುಡ್ ಬದಲು ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಆದೀತೇ? ಕೊರೆದು ಕೊಡುವ ಬಡಗಿಗಳಿದ್ದರೆ ಒಂದು ಹಲಗೆಯ ದರವನ್ನೂ ತಿಳಿಸಿ.