ಗೋಧಿ ಬಿಟ್ಟರೂ ಮೊಣಕೈ ಗುಳ್ಳೆ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ತೀರ್ಥಹಳ್ಳಿ_ಓದುಗ:
ತಂಗಿಗೆ ಸೀಲಿಯಾಕ್ ಇದೆ, ಅಂದರೆ ಗೋಧಿಯ ಗ್ಲುಟೆನ್ ಅನ್ನೋ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ. ಚರ್ಮದ್ದು ಅದರದ್ದೇ ಚರ್ಮರೂಪವಾದ ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಅಂತ ಬಯಾಪ್ಸಿಯಲ್ಲಿ (ಚರ್ಮದ ತುಂಡಿನ ಪರೀಕ್ಷೆ) ಖಚಿತವಾಗಿದೆ. ಡ್ಯಾಪ್ಸೋನ್ ಮಾತ್ರೆ ತಗೊಂಡರೆ ತುರಿಕೆ ಇರಲ್ಲ. ಡೋಸ್ ಇಳಿಸಿದ ಕೂಡಲೇ ಮೊಣಕೈ, ಮಂಡಿ ಮೇಲೆ ನೀರುಗುಳ್ಳೆ ಏಳುತ್ತವೆ. ಚಪಾತಿ, ಬ್ರೆಡ್ ಬಿಟ್ಟು ತಿಂಗಳುಗಳಾದವು. ಮನೆಯಲ್ಲಿ ಕಡುಬು, ನೀರುದೋಸೆ, ಅನ್ನ ಸಾರು ಅಷ್ಟೇ. ಅಣ್ಣನಿಗೂ ಮೈ ತುರಿಕೆ ಇದೆ, ಅವನೂ ಗೋಧಿ ಬಿಡಬೇಕಾ?

ಸಾಗರ_ಅಡುಗೆಮನೆ:
ಮೊದಲು ಸಾರಿನ ಇಂಗು ನೋಡಿ. ಅಂಗಡಿಯ ಇಂಗು ಬಹುಪಾಲು ಗೋಧಿ ಹಿಟ್ಟೋ ಮೈದಾವೋ ಬೆರೆಸಿದ್ದು, ಪುಡಿಯಾದರೂ ಗಟ್ಟಿಯಾದರೂ ಅಷ್ಟೇ. ಅದೇ ಇಂಗು ಮಿಡಿ ಉಪ್ಪಿನಕಾಯಿಗೂ ಹಲಸಿನ ಹಪ್ಪಳಕ್ಕೂ ಹೋಗಿರುತ್ತೆ. ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿ ಓದಿ. ಗ್ಲುಟೆನ್ ರಹಿತ ಅಂತ ಬರೆಯಬೇಕಾದರೆ ಗ್ಲುಟೆನ್ ಕೆಜಿಗೆ 20 ಮಿ.ಗ್ರಾಂ ದಾಟಬಾರದು ಅನ್ನೋದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ಅಂಥದ್ದು ಸಿಗೋವರೆಗೆ ಬೆಳ್ಳುಳ್ಳಿ ಒಗ್ಗರಣೆ ಸಾಕು.

ಎರಡನೆಯದು ಗಿರಣಿ. ನಿಮಗಿಂತ ಮುಂಚೆ ಗೋಧಿ ಬೀಸಿದ್ದರೆ ಆ ಹಿಟ್ಟು ಕಲ್ಲಿನಲ್ಲೂ ಸೋರುವ ಬಟ್ಟೆಚೀಲದಲ್ಲೂ ಉಳಿದಿರುತ್ತೆ, ಮೊದಲ ಸೇರು ಪಕ್ಕಕ್ಕೆ ತೆಗೆದರೂ ನಂಬಿಕೆಯಿಲ್ಲ. ರೊಟ್ಟಿಗೆ ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ ಮಿಕ್ಸಿಯಲ್ಲೇ ಪುಡಿಮಾಡಿ. ರಾಗಿಗೂ ಹಾಗೇ, ಆರಿಸುವಾಗ ಗೋಧಿ ಕಾಳು ಸಿಕ್ಕರೆ ತೆಗೆಯಿರಿ. ಜರಡಿ, ಲಟ್ಟಣಿಗೆ ತಂಗಿಗೇ ಬೇರೆ ಇರಲಿ. ಮದುವೆ ಮನೆಯಲ್ಲಿ ಹೋಳಿಗೆ, ಚಿರೋಟಿ ಹೇಗೂ ಬೇಡ, ಚಿರೋಟಿ ಕರಿದ ಎಣ್ಣೆಯಲ್ಲಿ ಕರಿದ ಹಪ್ಪಳವೂ ಬೇಡ. ಮಾಲ್ಟ್ ಪಾನೀಯಗಳಲ್ಲಿ ಹೆಚ್ಚಾಗಿ ಬಾರ್ಲಿ ಇರುತ್ತೆ, ಅದರಲ್ಲೂ ಗ್ಲುಟೆನ್ ಇದೆ.

ಚರ್ಮ_ವಿಭಾಗ:
ಡ್ಯಾಪ್ಸೋನ್ ಒಂದೆರಡು ದಿನದಲ್ಲೇ ತುರಿಕೆ ನಿಲ್ಲಿಸುತ್ತೆ, ಆದರೆ ಕರುಳಿಗೆ ಏನೂ ಮಾಡಲ್ಲ. ಚರ್ಮದಲ್ಲಿ ಕೂತು ಗುಳ್ಳೆ ಎಬ್ಬಿಸುವ ಐಜಿಎ ಅನ್ನೋ ಪ್ರತಿಕಾಯ ಕರಗೋದು ಬಹಳ ನಿಧಾನ. ಕಟ್ಟುನಿಟ್ಟಿನ ಪಥ್ಯಕ್ಕೂ ಚರ್ಮ ತಿಂಗಳುಗಟ್ಟಲೆ, ಕೆಲವರಲ್ಲಿ ಎರಡು ವರ್ಷ ತಗೊಳ್ಳುತ್ತೆ. ಆದ್ದರಿಂದ ಡೋಸ್ ಇಳಿಸುವುದು ವೈದ್ಯರ ಜೊತೆಗೇ ಆಗಲಿ. ಮಾತ್ರೆ ಶುರುವಿಗೂ ಮುಂಚೆ ಜಿ6ಪಿಡಿ (ರಕ್ತಕಣದ ಒಂದು ಕಿಣ್ವ) ಪರೀಕ್ಷೆ ಆಗಿದೆಯಾ ಕೇಳಿ, ಆ ಕೊರತೆ ಇದ್ದವರಿಗೆ ರಕ್ತಕಣ ಒಡೆಯುತ್ತೆ. ಮೊದಲ ತಿಂಗಳುಗಳಲ್ಲಿ ರಕ್ತದ ಎಣಿಕೆ ಪದೇ ಪದೇ ಆಗಬೇಕು. ತುಟಿ ನೀಲಿಯಾದರೆ, ಉಸಿರು ಕಟ್ಟಿದರೆ, ಜ್ವರದ ಜೊತೆ ಗಂಟಲು ನೋವಾದರೆ ಅದೇ ದಿನ ಆಸ್ಪತ್ರೆ.

ಅಣ್ಣ ಈಗಲೇ ಗೋಧಿ ಬಿಡಬಾರದು. ಬಿಟ್ಟರೆ ಸೀಲಿಯಾಕ್ ಪತ್ತೆಯ ಟಿಟಿಜಿ-ಐಜಿಎ ರಕ್ತಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಜೊತೆಗೆ ಒಟ್ಟು ಐಜಿಎ ಕೂಡ ಅಳೆಸಿ, ಅದೇ ಕಡಿಮೆ ಇದ್ದರೂ ಈ ಪರೀಕ್ಷೆ ಸುಳ್ಳು ಹೇಳಬಹುದು. ಮಳೆಗಾಲದಲ್ಲಿ ತುರಿಕೆ ಅಂದರೆ ಹುಳುಕಡ್ಡಿ, ಕಜ್ಜಿ ಇರಬಹುದು. ಕಜ್ಜಿ ಬೆರಳ ಸಂದಿಯಲ್ಲಿ, ರಾತ್ರಿ ಜಾಸ್ತಿ, ಮನೆಮಂದಿಗೆಲ್ಲ ಹರಡುತ್ತೆ. ತಂಗಿಯ ಕಾಯಿಲೆ ಎರಡೂ ಬದಿಗೆ ಸಮನಾಗಿ ಮೊಣಕೈ, ಮಂಡಿ, ಕುಂಡಿ, ನೆತ್ತಿಯಲ್ಲಿ ಬರುತ್ತೆ. ಅಂಗಡಿಯ ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಹುಳುಕಡ್ಡಿ ಗುರುತೇ ಸಿಗಲ್ಲ.

ಅಣ್ಣನಿಗೂ ಬಯಾಪ್ಸಿ ಬೇಕಾದರೆ, ಇಮ್ಯುನೋಫ್ಲೋರೆಸೆನ್ಸ್‌ಗೆ (ಚರ್ಮದ ಐಜಿಎ ಹೊಳೆಯುವಂತೆ ಮಾಡಿ ನೋಡುವ ಪರೀಕ್ಷೆ) ಗುಳ್ಳೆಯಿಂದ ಅಲ್ಲ, ಪಕ್ಕದ ಸಾಮಾನ್ಯ ಕಾಣುವ ಚರ್ಮದಿಂದ ತೆಗೆಯಬೇಕು. ಆ ತುಂಡು ಮಾಮೂಲಿ ಬಯಾಪ್ಸಿಯ ಫಾರ್ಮಲಿನ್ ದ್ರಾವಣಕ್ಕೆ ಬಿದ್ದರೆ ಕೆಟ್ಟಿತು, ಅದಕ್ಕೆಂದೇ ಇರುವ ಮೈಕೆಲ್ಸ್ ದ್ರಾವಣದಲ್ಲಿ ಹೋಗಬೇಕು. ಊರಿನಿಂದ ಸ್ಯಾಂಪಲ್ ಶಿವಮೊಗ್ಗಕ್ಕೋ ಬೆಂಗಳೂರಿಗೋ ಕಳಿಸುವಾಗ ಇದನ್ನ ಮೊದಲೇ ಕೇಳಿ.

ತೀರ್ಥಹಳ್ಳಿ_ಓದುಗ:
ಇಂಗಿನ ಡಬ್ಬಿ ನೋಡಿದೆ, ಗೋಧಿ ಹಿಟ್ಟು ಅಂತ ಬರೆದಿದೆ. ಅಯೋಡೀನ್ ಉಪ್ಪೂ ಬಿಡಬೇಕು ಅಂತಾರಲ್ಲ?

ಚರ್ಮ_ವಿಭಾಗ:
ಅಯೋಡೀನ್ ಕೆಲವರಲ್ಲಿ ಗುಳ್ಳೆ ಕೆರಳಿಸುತ್ತೆ, ನಿಜ. ಆದರೆ ತಾವಾಗಿ ಉಪ್ಪು ಬದಲಿಸಬೇಡಿ, ಥೈರಾಯ್ಡ್‌ಗೆ ಅದು ಬೇಕು. ಇಂಗು, ಹಿಟ್ಟು ಸರಿಮಾಡಿ ಕಾದು ನೋಡಿದ ಮೇಲೂ ಕೆರಳಿದರೆ ವೈದ್ಯರ ಹತ್ತಿರ ಆ ಮಾತು ಎತ್ತಿ.