ಡೌನ್ ಸಿಂಡ್ರೋಮ್ ಇರುವ ಮಗನಿಗೆ ಮೊಬೈಲ್ ಬಳಸಿ ವ್ಯಾಯಾಮ ಮಾಡಿಸಬಹುದಾ?

ಪ್ರಶ್ನೆ (ಹಾಸನದ ಒಬ್ಬ ತಾಯಿ): ನಮಸ್ಕಾರ ಮೇಡಂ. ಮಗನಿಗೆ 22 ವರ್ಷ, ಡೌನ್ ಸಿಂಡ್ರೋಮ್ ಇದೆ. ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಇರುತ್ತಾನೆ, ತೂಕ ಜಾಸ್ತಿಯಾಗುತ್ತಿದೆ. ಹೆಜ್ಜೆ ಎಣಿಸುವ ವಾಚ್ ಕೊಡಿಸಿದೆವು. ಸ್ವಲ್ಪ ದಿನ ಕಟ್ಟಿಕೊಂಡ, ಈಗ ಮುಟ್ಟುವುದೇ ಇಲ್ಲ. ಮೊಬೈಲ್ ಮಾತ್ರ ಕೈಬಿಡಲ್ಲ. ಅದರಲ್ಲೇ ಏನಾದರೂ ಮಾಡಬಹುದಾ?

ಉತ್ತರ (ಫಿಸಿಯೋಥೆರಪಿಸ್ಟ್): ಖಂಡಿತ ಮಾಡಬಹುದು ಅಮ್ಮ. ವಾಚ್ ಬಿಚ್ಚಿಟ್ಟ ಅಂತ ಅವನನ್ನು ಸೋಮಾರಿ ಅನ್ನಬೇಡಿ. ದಿನಕ್ಕೆ 10,000 ಹೆಜ್ಜೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಶುರುವಾಗಿದ್ದೇ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಒಂದು ಯಂತ್ರದ ಹೆಸರಿನಿಂದ. ನಾಲ್ಕು ಸಾವಿರಕ್ಕೂ ಏಳು ಸಾವಿರಕ್ಕೂ ವ್ಯತ್ಯಾಸ ಗೊತ್ತಾಗದವರಿಗೆ ಆ ಅಂಕಿಯಿಂದ ಏನು ಸಿಗುತ್ತದೆ ಹೇಳಿ? ಅವನಿಗೆ ಗೊತ್ತಾಗಬೇಕಾದ್ದು ಎರಡೇ: ಈಗ ಏನು ಮಾಡಬೇಕು, ಯಾವಾಗ ಮುಗಿಯುತ್ತೆ.

ಮೊದಲು ಡಾಕ್ಟರ ಹತ್ತಿರ ಹೃದಯ, ಥೈರಾಯ್ಡ್, ಕುತ್ತಿಗೆ ತೋರಿಸಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಕೆಲವರಿಗೆ ಕುತ್ತಿಗೆಯ ತೀರಾ ಮೇಲ್ಭಾಗದ ಎರಡು ಮೂಳೆಗಳ ನಡುವೆ ಸಡಿಲ ಇರುತ್ತದೆ, ಹಾಗಾಗಿ ಲಾಗ ಹಾಕಿಸುವುದು, ಶೀರ್ಷಾಸನ ಬೇಡ. ನಡಿಗೆ ಬದಲಾದರೆ, ಕೈಕಾಲು ಸೋತರೆ, ಕುತ್ತಿಗೆ ನೋವು ಅಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎದೆಬಡಿತ ಎಷ್ಟು ಏರಿದೆ ಅಂತ ವಾಚ್ ತೋರಿಸುವ ಬಣ್ಣಗಳನ್ನೂ ನಂಬಬೇಡಿ. ಇವರ ಎದೆಬಡಿತ ಬೇರೆಯವರಷ್ಟು ಮೇಲೆ ಏರುವುದಿಲ್ಲ. ಮಾತಾಡಲು ಆಗುತ್ತೆ, ಹಾಡಲು ಆಗಲ್ಲ ಅನ್ನುವಷ್ಟು ಏದುಸಿರು ಬಂದರೆ ಸಾಕು.

ಇನ್ನು ಮೊಬೈಲ್. ಅವನದೇ ವಿಡಿಯೋ ಮಾಡಿ. ಕುರ್ಚಿಯಿಂದ ಎದ್ದು ಕೂರುವುದರಿಂದ ಶುರು ಮಾಡೋಣ. ಹಿಂದೆ ಖಾಲಿ ಗೋಡೆ ಇರಲಿ, ಮೊಬೈಲ್ ಅವನ ಸೊಂಟದ ಎತ್ತರಕ್ಕಿರಲಿ. "ಏಳು", "ಕೂತ್ಕೋ", ಅಷ್ಟೇ ಮಾತು. ನೀವು ಕೈಹಿಡಿದು ಎಬ್ಬಿಸಿದ ಭಾಗ ಕತ್ತರಿಸಿ. ಉಳಿದ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಅವನು ತಾನೇ ಮಾಡುತ್ತಿರುವುದು ಮಾತ್ರ ಕಾಣಬೇಕು. ಅದನ್ನು ತೋರಿಸಿ, ತಕ್ಷಣ ಮಾಡಿಸಿ, ಜೊತೆಗೆ ನೀವೂ ಮಾಡಿ. ಯಾರೋ ಜಿಮ್ ಟ್ರೈನರ್‌ನ ವಿಡಿಯೋಗಿಂತ ತನ್ನ ಮುಖ ಕಂಡರೆ ಇವರು ಬೇಗ ಕಲಿಯುತ್ತಾರೆ, ನಾನೇ ನೋಡುತ್ತಿರುತ್ತೇನೆ.

ಸಮಯ ಅಳೆಯಲು ಅವನಿಗಿಷ್ಟದ ಹಾಡು ಹಾಕಿ. ಎರಡು ಹಾಡು ಮುಗಿದರೆ ವ್ಯಾಯಾಮವೂ ಮುಗಿಯಿತು. ಒಪ್ಪಿದ್ದಕ್ಕಿಂತ ಒಂದು ನಿಮಿಷವೂ ಎಳೆಯಬೇಡಿ, ನಾಳೆ ಬರಲ್ಲ ಅಂತಾನೆ.

ಪ್ರಶ್ನೆ (ಮೈಸೂರಿನ ಒಬ್ಬ ತಂದೆ): ಮೈ ಕುಣಿಸಿ ಆಡುವ ವಿಡಿಯೋ ಗೇಮ್ ತರಬಹುದಾ ಮೇಡಂ? ಮಗಳಿಗೆ 14.

ಉತ್ತರ: ನಿಂಟೆಂಡೊ ಕಂಪನಿಯ ಹಳೆಯ ವೀ, ಈಗಿನ ಸ್ವಿಚ್ ತರಹದ ಗೇಮ್ ಯಂತ್ರಗಳು ಒಳ್ಳೆಯವೇ ಸರ್, ಸಮತೋಲನಕ್ಕೂ ಸಹಾಯವಾಗುತ್ತವೆ. ಆದರೆ ಮೆನು ಇಂಗ್ಲಿಷಿನಲ್ಲಿರುತ್ತದೆ, ಪ್ರತಿಸಲ ಯಾರಾದರೂ ಶುರು ಮಾಡಿಕೊಡಬೇಕು. ಸೋತಾಗ ಜೋರಾಗಿ ಕಿರುಚುವ ಆಟವಾದರೆ ಸುಮ್ನೆ ಮೂಲೆ ಸೇರುತ್ತದೆ. ಮೊದಲು ಡ್ಯಾನ್ಸ್ ವಿಡಿಯೋ ಡೌನ್‌ಲೋಡ್ ಮಾಡಿ ಟಿವಿಯಲ್ಲಿ ಹಾಕಿ ನೋಡಿ. ಮಧ್ಯೆ ಜಾಹೀರಾತು ಬಂದರೆ ಮತ್ತೆ ಎಬ್ಬಿಸುವುದು ಕಷ್ಟ.

ಪ್ರಶ್ನೆ (ಹಾಸನದ ತಾಯಿ): ಮೊಬೈಲ್ ಕೊಟ್ಟರೆ ವ್ಯಾಯಾಮ ಬಿಟ್ಟು ಬೇರೆ ವಿಡಿಯೋಗೆ ಹೋಗುತ್ತಾನೆ. ಎಷ್ಟು ಹೊತ್ತು ಮಾಡಿಸಬೇಕು ಅಂತಲೂ ಹೇಳಿ.

ಉತ್ತರ: ಆಂಡ್ರಾಯ್ಡ್‌ನಲ್ಲಿ ಒಂದೇ ಆ್ಯಪ್‌ಗೆ ಪರದೆ ಪಿನ್ ಮಾಡಬಹುದು, ಐಫೋನಿನಲ್ಲಿ ಅದಕ್ಕೇ ಗೈಡೆಡ್ ಆ್ಯಕ್ಸೆಸ್ ಇದೆ, ಬೇರೆ ಆ್ಯಪ್‌ಗೆ ಸುಲಭವಾಗಿ ಹೋಗಲು ಆಗಲ್ಲ. ಎರಡೂ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವಿಕಲತೆ ಇರುವ ದೊಡ್ಡವರಿಗೂ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಅಂತ ಹೇಳಿದೆ. ಅದು ಮುಂದಿನ ಗುರಿ. ಈಗ ದಿನಕ್ಕೆ ಆ ಎರಡು ಹಾಡೇ ಸಾಕು. ಬಹುಮಾನಕ್ಕೆ ಬಿಸ್ಕತ್ತು ಬೇಡ, ಅವನು ವ್ಯಾಯಾಮ ಮಾಡುತ್ತಿರುವ ಫೋಟೋ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ.

ಇನ್ನೊಂದು ಮಾತು ಅಮ್ಮ. ಶಾಲೆ ಬಿಟ್ಟ ಮೇಲೆ ಅವನ ಗೆಳೆಯರೂ ದೂರವಾಗಿರುತ್ತಾರೆ ಅಲ್ವಾ? ಅವರಲ್ಲಿ ಒಬ್ಬರ ತಾಯಿಗೆ ಫೋನ್ ಮಾಡಿ. ಸಂಜೆ ಐದಕ್ಕೆ ವಿಡಿಯೋ ಕಾಲ್ ಹಾಕಿ ಇಬ್ಬರೂ ಒಟ್ಟಿಗೆ ಮಾಡಲಿ. ಮೊದಲ ವಾರ ಬರೀ ನಕ್ಕರೂ ಪರವಾಗಿಲ್ಲ, ಕಾಲ್ ತಪ್ಪಿಸಬೇಡಿ.