ಬೋಳಿಸ್ಬೇಡ ಪುಟ್ಟೀ, ಬಾಚು

ಪುಟ್ಟೀ, ಈಗ ನೋಡ್ದೆ ನಿನ್ನ ಮೆಸೇಜು. ಸೆಕೆಗೆ ನಿನ್ನ ಪಾಮರೇನಿಯನ್ ನಾಯಿ ಚಿನ್ನು ತೇಕ್ತಿದೆ, ಮನೆ ತುಂಬಾ ಕೂದಲು, ನಾಳೆ ಮೈಯೆಲ್ಲ ಬೋಳಿಸ್ಲಾ ದೊಡ್ಡಮ್ಮ ಅಂತ ಕೇಳಿದೀಯ. ಬೇಡಮ್ಮ, ಮಷಿನ್ ಮುಟ್ಟಿಸ್ಲೇ ಬೇಡ.

ನಮ್ಮ ಬೆಳ್ಳಿ ಗೊತ್ತಲ್ಲ, ಅದೂ ಪಾಮರೇನಿಯನ್ನೇ. ಸ್ನಾನಕ್ಕೆ ಅಂತ ನಾಯಿ ಸಲೂನಲ್ಲಿ ಬಿಟ್ಟು ಬಂದ್ರೆ ಸಂಜೆಗೆ ತೊಗಲು ಕಾಣೋ ಹಾಗೆ ಬೋಳಿಸಿ ಕೊಟ್ಟಿದ್ರು. ಒಳಗಿನ ಹತ್ತಿಯಂಥ ಕೂದಲು ಬೇಗ ಬಂತು, ಮೇಲಿನ ಗಡುಸು ಕೂದಲು ಬರ್ಲೇ ಇಲ್ಲ. ಬೆನ್ನ ಮೇಲೆ ಅಂಗೈಯಗಲ ಬಕ್ಕ. ಬಿಸಿಲಿಗೆ ಚರ್ಮ ಕೆಂಪಾಗೋದು, ಮುಟ್ಟಿದ್ರೆ ಮೈ ಸರಿಸೋದು. ಮೊದಲಿನ ಹಾಗಾಗೋಕೆ ಒಂದೂವರೆ ವರ್ಷ ಹಿಡೀತು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ ಕಣೇ, ತೇಕಿ ತೇಕಿಯೇ ತಂಪಾಗೋದು. ಮೇಲ್ಗೂದಲು ಅದಕ್ಕೆ ನೆರಳಿದ್ದ ಹಾಗೆ. ಉದುರಿದ ಒಳಗೂದಲು ಅಲ್ಲೇ ಸಿಕ್ಕಿಕೊಂಡು ಗಾಳಿ ಆಡದೇ ಇರೋದೇ ತೊಂದರೆ. ಅದಕ್ಕೇ ಮತ್ತೆ ಹೇಳ್ತೀನಿ, ಬೋಳಿಸ್ಬೇಡ. ಆಪರೇಷನ್ನಿಗೆ, ಇಲ್ಲಾ ಚರ್ಮಕ್ಕೇ ಅಂಟಿದ ಸಿಕ್ಕಿಗೆ ಡಾಕ್ಟರೇ ಹೇಳಿದ್ರೆ ಬೇರೆ ಮಾತು.

ಈ ಮನೇಲೂ ನಾಯಿ ಬೇಕು ಅಂದೋರು ಎಲ್ರೂ, ಬಾಚೋಕೆ ನಾನೊಬ್ಬಳೇ. ಎತ್ಕೊಂಡು ಫೋಟೋ ತೆಗೀತಾರೆ, ಕಿವಿ ಹಿಂದೆ ಬೆರಳು ಹಾಕಿ ಸಿಕ್ಕು ಇದೆಯಾ ಅಂತ ಒಬ್ರೂ ನೋಡಲ್ಲ. ಸೋಫಾ ಮೇಲೆ ಕೂದಲು ಕಂಡ್ರೆ ಮಾತ್ರ ನನ್ನ ಮೇಲೆ ರೇಗೋದು. ತುಂಬಾ ಬೇಜಾರಾಗುತ್ತೆ.

ಅಯ್ಯೋ, ಏನ್ ಮಾಡ್ಬೇಕು ಅಂತ ಹೇಳ್ಲೇ ಇಲ್ಲ ನೋಡು. ಸ್ನಾನಕ್ಕೆ ಮುಂಚೆ ಬಾಚು. ಸಿಕ್ಕು ನೆನೆದ್ರೆ ಇನ್ನೂ ಬಿಗಿಯಾಗುತ್ತೆ. ನೆನೆಯದ ಹಾಗೆ ಸ್ವಲ್ಪವೇ ನೀರು ಚಿಮುಕಿಸಿ, ಎಡಗೈಲಿ ಕೂದಲು ಮೇಲಕ್ಕೆ ಒತ್ತಿ ಹಿಡಿ, ಚರ್ಮದ ಗೆರೆ ಕಾಣ್ಬೇಕು. ಆ ಗೆರೆಯಿಂದ ಸ್ಲಿಕರ್ ಬ್ರಷ್ಷಲ್ಲಿ, ಅದೇ ಸಣ್ಣ ತಂತಿ ಹಲ್ಲಿನ ಬ್ರಷ್ಷು, ಕೆಳಕ್ಕೆ ಎಳಿ, ಒತ್ತಬೇಡ, ಚರ್ಮ ಗೀರುತ್ತೆ. ಒಂದು ಬೆರಳಷ್ಟು ಮೇಲೆ ಮತ್ತೊಂದು ಗೆರೆ. ಹೀಗೇ ಹೊಟ್ಟೆ ಕಡೆಯಿಂದ ಬೆನ್ನಿನ ತನಕ. ಕೊನೇಲಿ ಸ್ಟೀಲ್ ಬಾಚಣಿಗೆ ಬುಡದಿಂದ ತಡೆಯಿಲ್ಲದೆ ಬಂದ್ರೆ ಮುಗೀತು. ಕಿವಿ ಹಿಂದೆ, ಕಂಕುಳು, ತೊಡೆ ಹಿಂದೆ ಮರೀಬೇಡ. ಸಿಕ್ಕು ಇದ್ರೆ ಅದರ ಬುಡ ಬೆರಳಲ್ಲಿ ಹಿಡ್ಕೊಂಡು ತುದಿಯಿಂದ ಬಿಡಿಸು, ಕತ್ತರಿ ಬೇಡ, ಚರ್ಮವೂ ಜೊತೇಲೇ ಬರುತ್ತೆ. ವಾರಕ್ಕೆ ಎರಡು ಮೂರು ಸಲ ಸಾಕು, ಕೂದಲು ಉದುರೋ ಕಾಲದಲ್ಲಿ ದಿನಾ. ಸ್ನಾನ ಆದ್ಮೇಲೆ ಡ್ರೈಯರ್ ಬಿಸಿ ಮಾಡದೆ ಬುಡದ ತನಕ ಒಣಗಿಸು, ಒಳಗೆ ತೇವ ಉಳಿದ್ರೆ ಹುಣ್ಣಾಗುತ್ತೆ.

ಆದ್ರೆ ನೆರಳಲ್ಲಿ ಮಲಗಿದ್ರೂ ತೇಕೋದು ನಿಲ್ಲದೆ, ಜೊಲ್ಲು ಸುರಿಸ್ತಾ ತೂರಾಡಿದ್ರೆ ಬಾಚ್ತಾ ಕೂರ್ಬೇಡ, ಮೈ ಮೇಲೆ ತಣ್ಣೀರು ಹಾಕಿ ತಕ್ಷಣ ಡಾಕ್ಟರ್ ಹತ್ರ ಕರ್ಕೊಂಡು ಹೋಗು.